ಒಂಟಿ ದೊಡ್ಡ ಸರಕಿನ ಸಮುದ್ರಯಾನ: ಬಾಡಿಗೆಯ ಲೆಕ್ಕ ಮತ್ತು ಹೊಣೆಯ ಲೆಕ್ಕ

ಹುಬ್ಬಳ್ಳಿಯು ಸಮುದ್ರತೀರದ ಊರಲ್ಲ. ಆದರೂ ಇಲ್ಲಿನ ವ್ಯಾಪಾರವು ಬಹು ಹಿಂದಿನಿಂದಲೂ ಸಮುದ್ರದೊಡನೆ ಸಂಬಂಧ ಇಟ್ಟುಕೊಂಡೇ ಬೆಳೆದಿದೆ. ರೈಲು ಬರುವ ಮೊದಲು ಧಾರವಾಡ ಸೀಮೆಯ ಹತ್ತಿಯು ಎತ್ತಿನ ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರನ್ನು ಸೇರುತ್ತಿತ್ತು. ಅಲ್ಲಿಂದ ಹಾಯಿ ಹಡಗುಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಇಂಗ್ಲೆಂಡಿಗೆ ಸಾಗುತ್ತಿತ್ತು. ಬಯಲುಸೀಮೆಯಲ್ಲಿ ಬೆಳೆದ ಆ ಹತ್ತಿಗೆ ಪರದೇಶದ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂಬ ಹೆಸರೇ ನಿಂತಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಂದರೆ 1861ರಿಂದ 1865ರವರೆಗೆ, ಅದಕ್ಕೆ ಬಂದ ಬೇಡಿಕೆ ಇತಿಹಾಸದಲ್ಲಿ ದಾಖಲಾಗಿದೆ.

ಅಂದಿನ ವರ್ತಕನ ಸರಕು ನೂರಾರು ಅಂಡಿಗೆಗಳಾಗಿ ಹಂಚಿಹೋಗಿರುತ್ತಿತ್ತು. ಹತ್ತು ಅಂಡಿಗೆ ನೀರುಪಾಲಾದರೂ ಉಳಿದವು ಅವನ ಕೈ ಹಿಡಿಯುತ್ತಿದ್ದವು. ಇಂದಿನ ಸಣ್ಣ ಉತ್ಪಾದಕನ ಸ್ಥಿತಿ ಬೇರೆ. ಅವನು ಸಮುದ್ರದಾಚೆಯಿಂದ ತರಿಸುವುದು ಅನೇಕ ವೇಳೆ ಒಂದೇ ಒಂದು ಯಂತ್ರ. ಅವನ ಉಳಿತಾಯ, ಬ್ಯಾಂಕಿನ ಸಾಲ, ಮುಂದಿನ ಐದು ವರ್ಷಗಳ ಯೋಜನೆ ಎಲ್ಲವೂ ಆ ಒಂದು ವಸ್ತುವಿನಲ್ಲಿ ಅಡಗಿರುತ್ತವೆ. ಇಂತಹ ಒಂಟಿ ದೊಡ್ಡ ಸರಕನ್ನು ಸರಕು ಹಡಗಿನಲ್ಲಿ ತರಿಸುವಾಗ ಹಡಗು ಬಾಡಿಗೆ ಎಷ್ಟೆಂಬುದಕ್ಕಿಂತ ಯಾವ ಘಟ್ಟದಲ್ಲಿ ಹೊಣೆ ಯಾರದೆಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ. ಈ ವಿಷಯವನ್ನು ಹಂತ ಹಂತವಾಗಿ ತಿಳಿಸುವುದು ಈ ಲೇಖನದ ಉದ್ದೇಶ.

ವಿಹಾರ ನೌಕೆಯ ಉದಾಹರಣೆ

ಒಂಟಿ ಸರಕಿಗೆ ಅತ್ಯಂತ ಸ್ಪಷ್ಟವಾದ ಉದಾಹರಣೆ ಕುಟುಂಬದ ವಿಹಾರ ನೌಕೆ. ಪಾಶ್ಚಾತ್ಯ ದೇಶಗಳ ಅನೇಕ ಕುಟುಂಬಗಳು ಮನೆ ಮಾರಿ, ಆ ಹಣದಲ್ಲಿ ಹಾಯಿ ನೌಕೆ ಕೊಂಡು, ಮಕ್ಕಳೊಡನೆ ವರ್ಷಗಟ್ಟಲೆ ಸಮುದ್ರ ಸಂಚಾರ ಮಾಡುವುದುಂಟು. ಅವರ ಪಾಲಿಗೆ ನೌಕೆಯೇ ಮನೆ, ನೌಕೆಯೇ ಆಸ್ತಿ.

2011ರ ಫೆಬ್ರವರಿ 18ರಂದು ಒಮಾನ್ ದೇಶದ ಹೊರಗಿನ ಅರಬ್ಬೀ ಸಮುದ್ರದಲ್ಲಿ 'ಕ್ವೆಸ್ಟ್' ಎಂಬ ವಿಹಾರ ನೌಕೆಯನ್ನು ಸೋಮಾಲಿಯಾದ ಕಡಲ್ಗಳ್ಳರು ಹಿಡಿದರು; ಅದರಲ್ಲಿದ್ದ ನಾಲ್ವರು ಅಮೆರಿಕನ್ನರು ಫೆಬ್ರವರಿ 22ರಂದು ಹತರಾದರು. ಎರಡು ದಿನಗಳ ತರುವಾಯ ಡೆನ್ಮಾರ್ಕಿನ ಒಂದು ಕುಟುಂಬದ ನೌಕೆಯೂ ಸೆರೆಯಾಯಿತು. ಮೂವರು ಮಕ್ಕಳಿದ್ದ ಆ ಕುಟುಂಬ ಬಿಡುಗಡೆಯಾದದ್ದು ಸೆಪ್ಟೆಂಬರಿನಲ್ಲಿ. ಆಗ ಹಿಂದೂ ಮಹಾಸಾಗರದಲ್ಲಿದ್ದ ಇತರ ನೌಕೆಗಳ ಕುಟುಂಬಗಳು ಕೆಂಪು ಸಮುದ್ರದ ದಾರಿ ಹಿಡಿಯಲು ಅಂಜಿದವು. ಹಲವರು ತಮ್ಮ ನೌಕೆಗಳನ್ನು ಮಾಲ್ಡೀವ್ಸ್ ದೇಶದ ಮಾಲೆಯಲ್ಲಿ ಸರಕು ಹಡಗಿನ ಮೇಲೇರಿಸಿ ತುರ್ಕಿಯ ಮರ್ಮರಿಸ್ ಬಂದರಿಗೆ ಸಾಗಿಸಿದರು. ಸಮುದ್ರದಲ್ಲಿ ತಾನೇ ತೇಲಬಲ್ಲ ವಸ್ತುವು ಹೀಗೆ ಇನ್ನೊಂದು ಹಡಗಿನ ಸರಕಾಯಿತು.

ಗೋವೆಯಲ್ಲಿ ನಿರ್ಮಾಣಗೊಂಡ ಭಾರತೀಯ ನೌಕಾಪಡೆಯ 'ತಾರಿಣಿ'ಯು ಆರು ಮಂದಿ ಮಹಿಳಾ ಅಧಿಕಾರಿಗಳೊಡನೆ 2017ರ ಸೆಪ್ಟೆಂಬರ್ 10ರಂದು ಹೊರಟು, ಭೂಮಂಡಲ ಸುತ್ತಿ, 2018ರ ಮೇ 21ರಂದು ತನ್ನ ಹಾಯಿಯ ಬಲದಿಂದಲೇ ಗೋವೆಗೆ ಮರಳಿತು. ಎಲ್ಲ ಕುಟುಂಬಗಳಿಗೂ ಅದು ಸಾಧ್ಯವಿಲ್ಲ. ಯಂತ್ರಕ್ಕಂತೂ ಆ ಪ್ರಶ್ನೆಯೇ ಇಲ್ಲ.

ವಿಹಾರ ನೌಕೆಯನ್ನು ಹಡಗಿಗೇರಿಸುವ ಮುನ್ನ ಹಾಯಿಗಳನ್ನು ಕಳಚುತ್ತಾರೆ. ಅಗತ್ಯವಿದ್ದಲ್ಲಿ ಕೂವೆಮರವನ್ನೂ ಇಳಿಸುತ್ತಾರೆ. ಇಂಧನವನ್ನು ಕಡಿಮೆ ಮಾಡಿ, ಬ್ಯಾಟರಿ ಸಂಪರ್ಕ ತಪ್ಪಿಸುತ್ತಾರೆ. ಕ್ರೇನಿನ ಪಟ್ಟಿಗಳು ತಳಕ್ಕೆ ಎಲ್ಲಿ ತಾಗಬೇಕೆಂದು ಗುರುತು ಹಾಕಿ, ಅಳತೆಗೆ ಸರಿಯಾದ ತೊಟ್ಟಿಲಿನಂತಹ ಚೌಕಟ್ಟಿನಲ್ಲಿ ಕೂರಿಸಿ, ನಾಲ್ಕೂ ಕಡೆ ಬಿಗಿಯುತ್ತಾರೆ. ಇಷ್ಟೆಲ್ಲ ಎಚ್ಚರ ವಹಿಸುವ ಒಡೆಯರೂ ತಪ್ಪುವುದು ಕಾಗದಪತ್ರಗಳಲ್ಲಿ. ನೌಕೆ ತಾನೇ ಸಂಚರಿಸುವಾಗ ಅದಕ್ಕಿರುವ ವಿಮೆಯು, ಅದು ಇನ್ನೊಂದು ಹಡಗಿನ ಸರಕಾಗಿ ಹೋಗುವಾಗ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಆ ಪ್ರಯಾಣಕ್ಕೆ ಪ್ರತ್ಯೇಕ ಸರಕು ವಿಮೆ ಬೇಕು. ಯಂತ್ರ ತರಿಸುವವನ ತಪ್ಪುಗಳೂ ಇದೇ ಜಾತಿಯವು.

ಹುಬ್ಬಳ್ಳಿಯ ಮಾದರಿ

ಲೆಕ್ಕ ತಿಳಿಯುವ ಸಲುವಾಗಿ ಒಂದು ಮಾದರಿಯನ್ನು ಇಟ್ಟುಕೊಳ್ಳಬಹುದು. ಹಳೇ ಹುಬ್ಬಳ್ಳಿಯ ನಿವಾಸಿಯಾದ ಒಬ್ಬ ಉದ್ಯಮಿಯು ತಾರಿಹಾಳದ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ಬಿಡಿಭಾಗಗಳ ಸಣ್ಣ ಘಟಕ ನಡೆಸುತ್ತಾನೆ. ಜರ್ಮನಿಯಿಂದ 12 ಟನ್ ತೂಕದ, ಬಳಸಿದ ಒಂದು ಟರ್ನಿಂಗ್ ಯಂತ್ರವನ್ನು ಕೊಳ್ಳಲು ನಿರ್ಧರಿಸುತ್ತಾನೆ. ಯಂತ್ರದ ಎತ್ತರ ಹೆಚ್ಚಿರುವುದರಿಂದ ಅದು ಸಾಮಾನ್ಯ ಕಂಟೇನರಿನೊಳಗೆ ಹಿಡಿಸದು. ಹಡಗಿಗೆ ಏರಿಸುವವರೆಗಿನ ಬೆಲೆ 54 ಲಕ್ಷ ರೂ.; ಹಡಗು ಬಾಡಿಗೆ, ವಿಮೆ ಸೇರಿ ಭಾರತದ ಬಂದರಿನಲ್ಲಿ 60 ಲಕ್ಷ ರೂ. ತಂದೆಯ ಕಾಲದ ಮನೆಯನ್ನು ಅಡವಿಟ್ಟು 45 ಲಕ್ಷ ರೂ. ಸಾಲ ಪಡೆದಿದ್ದಾನೆ. ಯಂತ್ರಕ್ಕೆ ಏನಾದರೂ ಆದಲ್ಲಿ ಅವನು ಕಳೆದುಕೊಳ್ಳಬಹುದಾದದ್ದು ಬರಿಯ ಯಂತ್ರವನ್ನಲ್ಲ.

ಹೊಣೆ ಕೈ ಬದಲಾಗುವ ಸ್ಥಳ

ಮಾರಾಟಗಾರರು ಸಾಮಾನ್ಯವಾಗಿ ಸಿ.ಐ.ಎಫ್. ದರವನ್ನು ಸೂಚಿಸುತ್ತಾರೆ. ಬಾಡಿಗೆ ಮತ್ತು ವಿಮೆಯನ್ನು ಮಾರಾಟಗಾರನೇ ಭರಿಸುವುದರಿಂದ, ಸರಕು ಭಾರತದ ಬಂದರನ್ನು ಮುಟ್ಟುವವರೆಗೆ ಹೊಣೆಯೂ ಅವನದೇ ಎಂಬ ನಂಬಿಕೆ ವ್ಯಾಪಾರಸ್ಥರಲ್ಲಿ ಬೇರೂರಿದೆ. ಇದು ತಪ್ಪು. ಇನ್‌ಕೋಟರ್ಮ್ಸ್ 2020ರ ಪ್ರಕಾರ ಸಿ.ಐ.ಎಫ್. ಮತ್ತು ಎಫ್.ಒ.ಬಿ. ಎರಡರಲ್ಲಿಯೂ ಸರಕು ಹೊರಡುವ ಬಂದರಿನಲ್ಲಿ ಹಡಗನ್ನು ಏರಿದ ಕ್ಷಣದಿಂದಲೇ ನಷ್ಟದ ಹೊಣೆ ಕೊಳ್ಳುವವನದು. ಸಿ.ಐ.ಎಫ್.ನಲ್ಲಿ ಮಾರಾಟಗಾರನು ಭರಿಸುವುದು ವೆಚ್ಚವನ್ನು, ಸಮುದ್ರದ ಅಪಾಯವನ್ನಲ್ಲ.

ಇದಕ್ಕಿಂತ ಸೂಕ್ಷ್ಮವಾದ ಅಂಶ ಇನ್ನೊಂದಿದೆ. ಸಿ.ಐ.ಎಫ್. ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದಲ್ಲಿ ಮಾರಾಟಗಾರನು ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ 'ಸಿ' ಎಂಬ ಕನಿಷ್ಠ ವಿಮೆಯನ್ನು ಕೊಡಿಸಿದರೆ ಸಾಕು. ಬೆಂಕಿ, ಹಡಗು ಮುಳುಗುವಿಕೆ, ನೆಲಕ್ಕೆ ತಗಲುವಿಕೆ, ಡಿಕ್ಕಿ ಮುಂತಾದ ದೊಡ್ಡ ಅವಘಡಗಳಿಗೆ ಮಾತ್ರ ಅದರಲ್ಲಿ ರಕ್ಷಣೆ. ಕ್ರೇನಿನಿಂದ ಯಂತ್ರ ಜಾರಿ ಬಿದ್ದರೆ, ಅಲೆಯು ಡೆಕ್ಕಿನಿಂದ ಸರಕನ್ನು ಕೊಚ್ಚಿಕೊಂಡು ಹೋದರೆ, ಕಳವಾದರೆ 'ಸಿ' ವಿಮೆಯಿಂದ ಒಂದು ರೂಪಾಯಿಯೂ ಬಾರದು. ಆದುದರಿಂದ ಒಪ್ಪಂದದಲ್ಲಿಯೇ 'ಎ' ವರ್ಗದ ವಿಮೆಯನ್ನು ಕೇಳಿ ಬರೆಸಿಕೊಳ್ಳಬೇಕು, ಇಲ್ಲವೆ ಎಫ್.ಒ.ಬಿ. ದರದಲ್ಲಿ ಕೊಂಡು, ಹುಬ್ಬಳ್ಳಿಯಲ್ಲಿಯೇ ಪರಿಚಿತ ವಿಮಾ ಕಂಪನಿಯಿಂದ ಪಾಲಿಸಿ ಪಡೆಯಬೇಕು. ಎರಡನೆಯ ದಾರಿಯಲ್ಲಿ ಕ್ಲೇಮಿಗಾಗಿ ಪರದೇಶದ ಕಂಪನಿಯ ಬಾಗಿಲು ತಟ್ಟುವ ಕಷ್ಟವೂ ತಪ್ಪುತ್ತದೆ.

ಡೆಕ್ಕಿನ ಮೇಲೋ, ಹಡಗಿನ ಒಡಲಿನಲ್ಲೋ

ವಿಹಾರ ನೌಕೆಗಳು ಬಹುಮಟ್ಟಿಗೆ ಡೆಕ್ಕಿನ ಮೇಲೆಯೇ ಪ್ರಯಾಣ ಮಾಡುತ್ತವೆ. ಅಳತೆ ಮೀರಿದ ಯಂತ್ರಗಳನ್ನೂ, ಪಕ್ಕದ ಗೋಡೆಯಿಲ್ಲದ ಫ್ಲಾಟ್ ರ‍್ಯಾಕ್ ಕಂಟೇನರುಗಳನ್ನೂ ಅಲ್ಲಿಯೇ ಇಡುವುದುಂಟು. ಉಪ್ಪುನೀರು, ಗಾಳಿ, ಅಲೆಗಳ ಹೊಡೆತ ಒಂದು ಕಡೆಯಾದರೆ, ಕಾನೂನಿನ ತೊಡಕು ಇನ್ನೊಂದು ಕಡೆ. ಹೇಗ್ ನಿಯಮಗಳ ಪ್ರಕಾರ, ಡೆಕ್ಕಿನ ಮೇಲೆ ಸಾಗಿಸಲಾಗುವುದೆಂದು ಒಪ್ಪಂದದಲ್ಲಿ ನಮೂದಿಸಿ ಹಾಗೆಯೇ ಸಾಗಿಸಿದ ಸರಕು 'ಸರಕು' ಎಂಬ ವ್ಯಾಖ್ಯೆಯೊಳಗೇ ಬರುವುದಿಲ್ಲ. ಅಂದರೆ ಆ ನಿಯಮಗಳು ಸರಕಿನ ಒಡೆಯನಿಗೆ ಕೊಡುವ ರಕ್ಷಣೆ ಅದಕ್ಕೆ ಇಲ್ಲ. ಹಡಗು ಕಂಪನಿಯು ತನಗೆ ಯಾವ ಹೊಣೆಯೂ ಇಲ್ಲವೆಂದು ಬರೆದುಕೊಳ್ಳಲು ಅವಕಾಶವಾಗುತ್ತದೆ.

ಈ ಕಾರಣ, ಬುಕಿಂಗ್ ಮಾಡುವಾಗಲೇ ಡೆಕ್ಕಿನ ಕೆಳಗೆ ಜಾಗ ಬೇಕೆಂದು ಲಿಖಿತವಾಗಿ ಕೇಳಬೇಕು. ಅದಕ್ಕಾಗಿ ಸ್ವಲ್ಪ ಹೆಚ್ಚಿನ ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಬಿಲ್ ಆಫ್ ಲೇಡಿಂಗಿನ ಕರಡು ಬಂದೊಡನೆ 'ಡೆಕ್ಕಿನ ಮೇಲೆ, ಕಳುಹಿಸುವವನ ಹೊಣೆಯಲ್ಲಿ' ಎಂಬರ್ಥದ ಸಾಲು ಇದೆಯೇ ಎಂದು ನೋಡಬೇಕು. ಡೆಕ್ಕಿನ ಮೇಲೆಯೇ ಹೋಗುವುದು ಅನಿವಾರ್ಯವಾದಲ್ಲಿ ಆ ಸಂಗತಿಯನ್ನು ವಿಮಾ ಕಂಪನಿಗೆ ಮೊದಲೇ ತಿಳಿಸಬೇಕು. ತಿಳಿಸದೆ ಪಡೆದ ಪಾಲಿಸಿಯು ಕ್ಲೇಮಿನ ದಿನ ಉಪಯೋಗಕ್ಕೆ ಬಾರದಿರಬಹುದು.

ಹಡಗು ಕಂಪನಿ ಕೊಡುವುದೆಷ್ಟು

ಸರಕು ಒಡಲಿನಲ್ಲಿದ್ದು, ತಪ್ಪು ಹಡಗು ಕಂಪನಿಯದೇ ಎಂದು ಸಿದ್ಧವಾದರೂ ಪೂರ್ಣ ಬೆಲೆ ಸಿಗುತ್ತದೆಂದು ತಿಳಿಯಬಾರದು. ಹೇಗ್-ವಿಸ್ಬಿ ನಿಯಮಗಳ ಪ್ರಕಾರ ಹೊಣೆಯ ಮಿತಿಯು ಒಂದು ಪ್ಯಾಕೇಜಿಗೆ 666.67 ಎಸ್.ಡಿ.ಆರ್. ಅಥವಾ ಒಂದು ಕಿಲೋಗ್ರಾಮಿಗೆ 2 ಎಸ್.ಡಿ.ಆರ್.; ಇವೆರಡರಲ್ಲಿ ಹೆಚ್ಚಿನದು. ಎಸ್.ಡಿ.ಆರ್. ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯಮಾನ. ಅದನ್ನು 120 ರೂ. ಎಂದು ಹಿಡಿದರೆ, 12,000 ಕಿಲೋಗ್ರಾಂ ಯಂತ್ರಕ್ಕೆ 24,000 ಎಸ್.ಡಿ.ಆರ್., ಅಂದರೆ 28,80,000 ರೂ. ಮಾತ್ರ. 60 ಲಕ್ಷ ರೂ. ಬೆಲೆಯಲ್ಲಿ 31,20,000 ರೂ. ಒಡೆಯನ ತಲೆಯ ಮೇಲೆಯೇ ಉಳಿಯುತ್ತದೆ. ಸರಕಿನ ಸ್ವರೂಪ ಮತ್ತು ಬೆಲೆಯನ್ನು ಮೊದಲೇ ಘೋಷಿಸಿ ಬಿಲ್ ಆಫ್ ಲೇಡಿಂಗಿನಲ್ಲಿ ನಮೂದಿಸಿದ್ದರೆ ಈ ಮಿತಿ ಅನ್ವಯಿಸುವುದಿಲ್ಲ. ಆದರೆ ಆಗ ಬಾಡಿಗೆ ಏರುತ್ತದೆ.

ಈ ವಿಷಯದಲ್ಲಿ 2025ರಲ್ಲಿ ಸಂಸತ್ತು ಎರಡು ಹೊಸ ಕಾಯ್ದೆಗಳನ್ನು ಅಂಗೀಕರಿಸಿತು. 1856ರ ಬಿಲ್ ಆಫ್ ಲೇಡಿಂಗ್ ಕಾಯ್ದೆಯ ಸ್ಥಾನದಲ್ಲಿ ಒಂದು, 1925ರ ಸಮುದ್ರ ಸರಕು ಸಾಗಾಣಿಕೆ ಕಾಯ್ದೆಯ ಸ್ಥಾನದಲ್ಲಿ ಇನ್ನೊಂದು. ಎರಡನೆಯದು ಭಾರತದ ಬಂದರುಗಳಿಂದ ಹೊರಡುವ ಸರಕಿಗೆ ಸಂಬಂಧಿಸಿದ್ದು. ಆಮದು ಮಾಡಿಕೊಳ್ಳುವ ಸರಕಿಗೆ ಸಾಮಾನ್ಯವಾಗಿ ಸರಕು ಹೊರಟ ದೇಶದ ಕಾನೂನು ಅಥವಾ ಬಿಲ್ ಆಫ್ ಲೇಡಿಂಗಿನ ಹಿಂಬದಿಯ ಷರತ್ತುಗಳು ಅನ್ವಯಿಸುತ್ತವೆ. ಆದ್ದರಿಂದ ಆ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಬಿಡಬಾರದು.

ಜನರಲ್ ಎವರೇಜ್: ತನ್ನದಲ್ಲದ ನಷ್ಟದ ಪಾಲು

ಹೊಸದಾಗಿ ಆಮದು ಮಾಡುವವರನ್ನು ಹೆಚ್ಚು ದಿಗ್ಭ್ರಮೆಗೊಳಿಸುವ ಸಂಗತಿ ಇದು. ಸಮುದ್ರದ ಮಧ್ಯೆ ಅಪಾಯ ಒದಗಿದಾಗ ಹಡಗನ್ನೂ ಸರಕನ್ನೂ ಉಳಿಸಲು ಉದ್ದೇಶಪೂರ್ವಕವಾಗಿ ಮಾಡಿದ ತ್ಯಾಗ ಅಥವಾ ವೆಚ್ಚವನ್ನು, ಉಳಿದುಕೊಂಡ ಎಲ್ಲ ಆಸ್ತಿಯ ಒಡೆಯರೂ ಬೆಲೆಗೆ ಅನುಗುಣವಾಗಿ ಹಂಚಿಕೊಳ್ಳಬೇಕು. ಪ್ರಾಚೀನ ರೋಡ್ಸ್ ದ್ವೀಪದ ಹೆಸರಿನಲ್ಲಿ ಬಂದ ಈ ನ್ಯಾಯವು ಭಾರತದ 1963ರ ಸಾಗರ ವಿಮಾ ಕಾಯ್ದೆಯಲ್ಲಿಯೂ ಸ್ಥಾನ ಪಡೆದಿದೆ. ಹಂಚಿಕೆಯ ವಿವರಗಳನ್ನು ಯಾರ್ಕ್-ಆಂಟ್ವರ್ಪ್ ನಿಯಮಗಳು ನಿರ್ಧರಿಸುತ್ತವೆ.

2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಯಲ್ಲಿ ಅಡ್ಡ ಸಿಕ್ಕಿಕೊಂಡ 'ಎವರ್ ಗಿವನ್' ಹಡಗು ಇದಕ್ಕೆ ಪ್ರಸಿದ್ಧ ಉದಾಹರಣೆ. 29ರಂದು ಹಡಗು ಬಿಡುಗಡೆಯಾಯಿತು. ಏಪ್ರಿಲ್ ಮೊದಲಲ್ಲಿ ಜನರಲ್ ಎವರೇಜ್ ಘೋಷಣೆಯಾಯಿತು. ಪರಿಹಾರದ ವಿವಾದದಿಂದಾಗಿ ಹಡಗು ಜುಲೈ 7ರವರೆಗೆ ಈಜಿಪ್ಟಿನಲ್ಲಿಯೇ ನಿಂತಿತ್ತು. ಒಳಗಿನ ತಮ್ಮ ಸರಕಿಗೆ ಗೀರೂ ಬೀಳದವರು ಕೂಡ ಜಾಮೀನು ಕೊಟ್ಟ ಮೇಲೆಯೇ ಸರಕು ಪಡೆಯಬೇಕಾದ ಸ್ಥಿತಿ ಒದಗಿತು.

ಮಾದರಿಯ ಲೆಕ್ಕ ಹೀಗಿದೆ. ಹಡಗು ಮತ್ತು ಸಮಸ್ತ ಸರಕಿನ ಬೆಲೆ 1,000 ಕೋಟಿ ರೂ., ಪಾರುಮಾಡುವ ವೆಚ್ಚ 50 ಕೋಟಿ ರೂ. ಎಂದಾದರೆ ಪ್ರತಿಯೊಬ್ಬರ ಪಾಲು ಶೇ. 5. ಉದ್ಯಮಿಯ 60 ಲಕ್ಷ ರೂ. ಯಂತ್ರದ ಪಾಲು 3 ಲಕ್ಷ ರೂ. ವಿಮೆಯಿದ್ದಲ್ಲಿ ಒಡೆಯನು ಒಂದು ಮುಚ್ಚಳಿಕೆಗೆ ಸಹಿ ಹಾಕುತ್ತಾನೆ, ವಿಮಾ ಕಂಪನಿಯು ಗ್ಯಾರಂಟಿ ಕೊಡುತ್ತದೆ, ಯಂತ್ರ ಬಿಡುಗಡೆಯಾಗುತ್ತದೆ. ವಿಮೆಯಿಲ್ಲದಿದ್ದಲ್ಲಿ ನಗದು ಠೇವಣಿ ಕಟ್ಟಬೇಕು. ಅಂತಿಮ ಲೆಕ್ಕ ತೀರಲು ವರ್ಷಗಳೇ ಹಿಡಿಯಬಹುದು. ಸಮಾಧಾನದ ಸಂಗತಿಯೆಂದರೆ ಕನಿಷ್ಠವಾದ 'ಸಿ' ವಿಮೆಯೂ ಜನರಲ್ ಎವರೇಜಿನ ಪಾಲನ್ನು ಭರಿಸುತ್ತದೆ. ವಿಮೆಯನ್ನೇ ಮಾಡಿಸದವನಿಗೆ ಮಾತ್ರ ಆಧಾರವಿಲ್ಲ.

ಇದು ದೂರದ ಸಮುದ್ರಗಳ ಮಾತೆಂದು ಉದಾಸೀನ ಮಾಡುವಂತಿಲ್ಲ. 2024ರ ಜುಲೈ 19ರಂದು 'ಮೇರ್ಸ್ಕ್ ಫ್ರಾಂಕ್‌ಫರ್ಟ್' ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿದ್ದದ್ದು ಕಾರವಾರದ ಎದುರಿನ ಸಮುದ್ರದಲ್ಲಿಯೇ. 2025ರ ಮೇ 25ರಂದು 'ಎಂ.ಎಸ್.ಸಿ. ಎಲ್ಸಾ 3' ಹಡಗು 640 ಕಂಟೇನರುಗಳೊಡನೆ ಕೇರಳದ ತೀರದಾಚೆ ಮುಳುಗಿತು; ಹಡಗಿನಲ್ಲಿದ್ದ 24 ಜನರೂ ಪಾರಾದರು, ಸರಕು ಪಾರಾಗಲಿಲ್ಲ.

ವಿಮೆಯಲ್ಲಿ ನೋಡಬೇಕಾದ ನಾಲ್ಕು ಅಂಶಗಳು

1. ವಿಮಾ ಮೊತ್ತ: ಸಿ.ಐ.ಎಫ್. ಬೆಲೆಯ ಶೇ. 110ಕ್ಕೆ ವಿಮೆ ಮಾಡಿಸುವುದು ರೂಢಿ. ಮಾದರಿಯಲ್ಲಿ ಅದು 66 ಲಕ್ಷ ರೂ. ಪ್ರೀಮಿಯಂ ಶೇ. 0.5 ಎಂದು ಭಾವಿಸಿದರೆ 33,000 ರೂ.

2. ಬಳಸಿದ ಯಂತ್ರದ ಷರತ್ತು: ಬಳಸಿದ ಯಂತ್ರದ ಒಂದು ಭಾಗ ಮುರಿದಾಗ ಹೊಸ ಭಾಗದ ಪೂರ್ಣ ಬೆಲೆಯನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಕೊಡುವುದಿಲ್ಲ. ವಿಮಾ ಮೊತ್ತವು ಹೊಸ ಯಂತ್ರದ ಬೆಲೆಯ ಎಷ್ಟನೆಯ ಪಾಲೋ ಅಷ್ಟನ್ನೇ ಕೊಡುತ್ತವೆ. ಹೊಸ ಯಂತ್ರದ ಬೆಲೆ 2.64 ಕೋಟಿ ರೂ. ಆಗಿದ್ದರೆ 66 ಲಕ್ಷ ಅದರ ಕಾಲುಭಾಗ. 12 ಲಕ್ಷ ರೂ. ಬೆಲೆಯ ಸ್ಪಿಂಡಲ್ ಮುರಿದಾಗ ಕೈಗೆ ಬರುವುದು 3 ಲಕ್ಷ ರೂ. ಇದನ್ನು ಪಾಲಿಸಿ ಪಡೆಯುವ ದಿನವೇ ಚರ್ಚಿಸಿ, ಸಾಧ್ಯವಾದಲ್ಲಿ ಷರತ್ತನ್ನು ಸಡಿಲಿಸಿಕೊಳ್ಳಬೇಕು.

3. ಹೊರಗಿಟ್ಟ ಕಾರಣಗಳು: ಅಸಮರ್ಪಕ ಪ್ಯಾಕಿಂಗ್ ಹಾಗೂ ವಿಳಂಬದಿಂದಾದ ನಷ್ಟಕ್ಕೆ 'ಎ' ವಿಮೆಯಲ್ಲಿಯೂ ಪರಿಹಾರವಿಲ್ಲ. ಬಳಸಿದ ಯಂತ್ರಕ್ಕೆ ತುಕ್ಕನ್ನೂ ಹೊರಗಿಡುವುದು ರೂಢಿ. ಆದ್ದರಿಂದ ಚಲಿಸುವ ಭಾಗಗಳನ್ನು ಬಂಧಿಸಿ, ತುಕ್ಕು ನಿರೋಧಕ ಎಣ್ಣೆ ಬಳಿದು, ತೇವ ಹೀರುವ ಪೊಟ್ಟಣಗಳೊಡನೆ ಮುಚ್ಚಿ, ಹಡಗಿಗೇರುವ ಮುನ್ನ ಸರ್ವೇಯರ್ ವರದಿ ಮತ್ತು ಛಾಯಾಚಿತ್ರಗಳನ್ನು ಪಡೆಯಬೇಕು.

4. ಯುದ್ಧದ ಅಪಾಯ: ಯುದ್ಧ ಮತ್ತು ಮುಷ್ಕರಗಳ ನಷ್ಟಕ್ಕೆ ಪ್ರತ್ಯೇಕ ಕ್ಲಾಸುಗಳನ್ನು ಸೇರಿಸಬೇಕು. 2023ರ ನವೆಂಬರ್ 19ರಂದು ಭಾರತದತ್ತ ಹೊರಟಿದ್ದ 'ಗ್ಯಾಲಕ್ಸಿ ಲೀಡರ್' ಹಡಗನ್ನು ಕೆಂಪು ಸಮುದ್ರದಲ್ಲಿ ಹಿಡಿದ ನಂತರ ಅನೇಕ ಹಡಗುಗಳು ಆಫ್ರಿಕಾ ಸುತ್ತಿ ಬರತೊಡಗಿದ್ದು ತಿಳಿದ ವಿಷಯ. ಯೂರೋಪಿನಿಂದ ಬರುವ ಸರಕಿಗೆ ಈ ಕ್ಲಾಸನ್ನು ಬಿಡಬಾರದು.

ಸುಂಕದ ದೃಷ್ಟಿಯಿಂದಲೂ ಒಂದು ಮಾತು ಗಮನಾರ್ಹ. 2007ರ ಕಸ್ಟಮ್ಸ್ ಮೌಲ್ಯ ನಿರ್ಣಯ ನಿಯಮಗಳ ಪ್ರಕಾರ ವಿಮಾವೆಚ್ಚ ಎಷ್ಟೆಂದು ತಿಳಿಯಲಾಗದಿದ್ದಲ್ಲಿ ಎಫ್.ಒ.ಬಿ. ಬೆಲೆಯ ಶೇ. 1.125ನ್ನು ಸುಂಕದ ಬೆಲೆಗೆ ಸೇರಿಸಲಾಗುತ್ತದೆ. 54 ಲಕ್ಷಕ್ಕೆ ಅದು 60,750 ರೂ. ಮಾದರಿಯ ನಿಜವಾದ ಪ್ರೀಮಿಯಂ 33,000 ರೂ. ಮಾತ್ರ. ವಿಮೆ ಮಾಡಿಸದವನು ಇಲ್ಲದ ವಿಮೆಯ ಮೇಲೆ ಸುಂಕ ತೆತ್ತಂತಾಗುತ್ತದೆ. ಬಾಡಿಗೆಯ ದಾಖಲೆ ಇಲ್ಲದಿದ್ದಲ್ಲಿಯೂ ಹೀಗೆಯೇ; ಆಗ ಸೇರುವುದು ಎಫ್.ಒ.ಬಿ. ಬೆಲೆಯ ಶೇ. 20.

ಬಂದರಿನಿಂದ ಘಟಕದವರೆಗೆ

ಯಂತ್ರವು ನವ ಮಂಗಳೂರು, ಮುರಗಾಂವ ಅಥವಾ ನ್ಹಾವಾ ಶೇವಾ ಬಂದರಿಗೆ ಬಂದೊಡನೆ ಕೆಲಸ ಮುಗಿಯುವುದಿಲ್ಲ. ಬಳಸಿದ ಯಂತ್ರಕ್ಕೆ ಚಾರ್ಟರ್ಡ್ ಎಂಜಿನಿಯರರ ಪರಿಶೀಲನಾ ಪ್ರಮಾಣಪತ್ರ ಸಿದ್ಧವಿರಬೇಕು. ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಮುನ್ನವೇ ಸಲ್ಲಿಸಬೇಕು. ಕಸ್ಟಮ್ಸ್ ಕಾಯ್ದೆಯ 48ನೇ ಕಲಮಿನಂತೆ 30 ದಿನಗಳೊಳಗೆ ಬಿಡಿಸಿಕೊಳ್ಳದ ಸರಕು, ನೋಟೀಸಿನ ನಂತರ, ಮಾರಾಟಕ್ಕೆ ಗುರಿಯಾಗಬಹುದು. ವಿಮೆಯು ಸಾಮಾನ್ಯವಾಗಿ ಗೋದಾಮಿನವರೆಗೆ ಅನ್ವಯಿಸುತ್ತದೆಯಾದರೂ ಹಡಗಿನಿಂದಿಳಿಸಿದ 60 ದಿನಗಳ ಮೇಲೆ ಅದು ಮುಗಿಯುತ್ತದೆ. ಕಾಗದಪತ್ರದ ತಕರಾರಿನಲ್ಲಿ ಆ ಅವಧಿ ಕಳೆದುಹೋದರೆ ಘಟ್ಟದ ದಾರಿಯಲ್ಲಿ ಯಂತ್ರಕ್ಕೆ ರಕ್ಷಣೆಯೇ ಇರುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದು ಮರೆಯುವಂತಹುದಲ್ಲ. ಅಳತೆ ಮೀರಿದ ಸರಕನ್ನು ಮಳೆಗಾಲದಲ್ಲಿ ಅರಬೈಲ್ ಘಟ್ಟದಂತಹ ದಾರಿಗೆ ತರದಂತೆ ಹಡಗಿನ ತಿಂಗಳನ್ನು ಆರಿಸಿಕೊಳ್ಳುವುದು ಲೇಸು.

ಸರಕು ಪಡೆಯುವಾಗ ಹಾನಿ ಕಂಡಲ್ಲಿ ರಸೀದಿಯ ಮೇಲೆಯೇ ಬರೆದು ಸಹಿ ಹಾಕಬೇಕು. ಹೊರಗೆ ಕಾಣದ ಹಾನಿಯಾದರೆ ಮೂರು ದಿನಗಳೊಳಗೆ ಹಡಗು ಕಂಪನಿಗೆ ಲಿಖಿತ ನೋಟೀಸು ಕೊಡಬೇಕು. ದಾವೆಯ ಅವಧಿ ಒಂದು ವರ್ಷ. ವಿಮಾ ಕಂಪನಿಯು ಹಣ ಕೊಟ್ಟ ಮೇಲೆ ಹಡಗು ಕಂಪನಿಯ ಮೇಲಿನ ಹಕ್ಕು ಅದಕ್ಕೆ ವರ್ಗವಾಗುವುದರಿಂದ, ಒಡೆಯನ ಅಲಕ್ಷ್ಯದಿಂದ ಆ ಹಕ್ಕು ಕೆಟ್ಟರೆ ಕ್ಲೇಮಿಗೂ ತೊಂದರೆ.

ಲೆಕ್ಕಪತ್ರದಲ್ಲಿ ಯಂತ್ರದ ಬೆಲೆಯೊಡನೆ ಬಾಡಿಗೆ, ವಿಮೆ, ಮರುಪಾವತಿಯಿಲ್ಲದ ಸುಂಕ, ಸಾಗಾಣಿಕೆ ಮತ್ತು ಸ್ಥಾಪನಾ ವೆಚ್ಚಗಳು ಆಸ್ತಿಯ ಮೂಲಬೆಲೆಗೆ ಸೇರುತ್ತವೆ. ಕ್ರೆಡಿಟ್ ಪಡೆಯುವ ಐ.ಜಿ.ಎಸ್.ಟಿ.ಯನ್ನು ಸೇರಿಸಬಾರದು; ಸೇರಿಸಿ ಅದರ ಮೇಲೆ ಸವಕಳಿ ತೆಗೆದರೆ ಕ್ರೆಡಿಟ್ ತಪ್ಪುತ್ತದೆ. ಅಂದರೆ ವಿಮಾ ಪ್ರೀಮಿಯಂ ಒಂದು ವರ್ಷದ ಲಾಭವನ್ನು ನುಂಗುವ ಖರ್ಚಲ್ಲ. ಯಂತ್ರದ ಬೆಲೆಯದೇ ಒಂದು ಅಂಶ.

ಉಪಸಂಹಾರ

ಮಾದರಿಯ ಉದ್ಯಮಿಯ ಮುಂದಿರುವ ಆಯ್ಕೆ ಇಷ್ಟು: 'ಎ' ವರ್ಗದ ವಿಮೆ, ಡೆಕ್ಕಿನ ಕೆಳಗಿನ ಜಾಗ, ಒಂದು ಸರ್ವೇಯರ್ ವರದಿ. ಇವೆಲ್ಲ ಸೇರಿದರೂ ಯಂತ್ರದ ಬೆಲೆಯ ಒಂದು ಸಣ್ಣ ಅಂಶವಷ್ಟೆ. ಇನ್ನೊಂದು ತಕ್ಕಡಿಯಲ್ಲಿ 45 ಲಕ್ಷ ರೂ. ಸಾಲ ಮತ್ತು ಅಡವಿಟ್ಟ ಮನೆ. ಯಂತ್ರ ಮುಳುಗಿದರೂ ಬ್ಯಾಂಕಿನ ಕಂತು ಮುಳುಗುವುದಿಲ್ಲ.

ಮಾಲೆಯಲ್ಲಿ ನೌಕೆಗಳನ್ನು ಹಡಗಿಗೇರಿಸಿದ ಕುಟುಂಬಗಳು ಬಾಡಿಗೆ ಕೊಟ್ಟದ್ದು ಅಪಾಯದ ಸಮುದ್ರವನ್ನು ತಾವೇ ದಾಟುವುದನ್ನು ತಪ್ಪಿಸಿಕೊಳ್ಳಲು. ಆದರೆ ಇನ್ನೊಬ್ಬರ ಹಡಗನ್ನು ಏರಿದೊಡನೆ ಅಪಾಯ ಮಾಯವಾಗುವುದಿಲ್ಲ. ಅದು ಸಮುದ್ರದಿಂದ ಕಾಗದಕ್ಕೆ ಬರುತ್ತದೆ. ಆ ಕಾಗದವನ್ನು ಮುಂಗಡ ಹಣ ಕಳುಹಿಸುವ ಮುನ್ನ ಓದಿದವನಿಗೆ ಷರತ್ತು ಬದಲಿಸಲು ಅವಕಾಶವಿರುತ್ತದೆ. ಹಡಗು ಹೊರಟ ಮೇಲೆ ಓದುವವನು ತನಗೆ ಯಾವ ಹಕ್ಕು ಇಲ್ಲವೆಂಬುದನ್ನು ಮಾತ್ರ ತಿಳಿಯಬಲ್ಲನು.